ಮೊದಲು ಮಾನಿಟರ್, ಆಮೇಲೆ ಕಾರ್ಡ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕೆಲಸ. "ಅಣ್ಣಾ, ಇರೋದ್ರಲ್ಲೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಡಿ" ಎಂದು ಬರುವ ಹುಡುಗರನ್ನು ನಾನು ಮೊದಲು ಕೇಳುವುದು, ಮನೆಯಲ್ಲಿರುವ ಮಾನಿಟರ್ ಯಾವುದು ಅಂತ.

ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿದ್ದರೆ 4ಕೆ ಪರದೆಯಲ್ಲಿ 83 ಲಕ್ಷ. ಆಟ ನುಣುಪಾಗಿ ಓಡಬೇಕಾದರೆ ಇಷ್ಟೂ ಚುಕ್ಕಿಗಳ ಬಣ್ಣವನ್ನು ಕಾರ್ಡ್ ಸೆಕೆಂಡಿಗೆ 60 ಸಲವಾದರೂ ಲೆಕ್ಕ ಹಾಕಬೇಕು. 4ಕೆಗೆ ದುಬಾರಿ ಕಾರ್ಡ್ ಬೇಕಾಗುವುದು ಇದಕ್ಕೇ. ಫುಲ್ ಎಚ್‌ಡಿಗೆ ಅದನ್ನೇ ಹಾಕಿದರೆ ಎಷ್ಟೋ ಆಟಗಳಲ್ಲಿ ಪ್ರೊಸೆಸರ್ ಹಿಂದೆ ಬೀಳುತ್ತದೆ, ಕಾರ್ಡ್ ಸುಮ್ಮನೆ ಕಾಯುತ್ತದೆ. ಅಪ್ಪ ಅಮ್ಮ ಕೂಡಿಟ್ಟ ದುಡ್ಡು ಹಾಗೆ ವ್ಯರ್ಥವಾಗುವುದು ನನಗೆ ನಿಜಕ್ಕೂ ಸಂಕಟ.

ಕಾರ್ಡಿನ ಮೆಮೊರಿಯಲ್ಲಿ ಮಾತ್ರ ಜಿಪುಣತನ ಬೇಡ. ಅದು ತುಂಬಿದರೆ ಎಂಥ ವೇಗದ ಚಿಪ್ ಇದ್ದರೂ ಆಟ ತಡವರಿಸುತ್ತದೆ. 4ಕೆಗೆ 16 ಜಿಬಿ ಇರಲಿ ಎನ್ನುತ್ತೇನೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5080, ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಎರಡರಲ್ಲೂ ಅಷ್ಟಿದೆ. ಆರ್‌ಟಿಎಕ್ಸ್ 5090ರಲ್ಲಿ 32 ಜಿಬಿ ಇದೆ, ಆದರೆ ಅದೊಂದೇ 575 ವ್ಯಾಟ್‌ವರೆಗೆ ವಿದ್ಯುತ್ ಎಳೆಯುತ್ತದೆ. 1000 ವ್ಯಾಟಿನ ಪವರ್ ಸಪ್ಲೈ ಬೇಕು. ಕಾರ್ಡ್ ಎಳೆದ ವಿದ್ಯುತ್ತೆಲ್ಲ ಶಾಖವಾಗಿ ಕೋಣೆಗೇ ಬರುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರುಗಳಲ್ಲಿ ಇದು ಸಣ್ಣ ಮಾತಲ್ಲ.

ಕೊಳ್ಳುವ ಮೊದಲು, ಕಾರ್ಡ್ ಹಿಡಿಸುತ್ತದೆಯೇ ಎಂದು ಕ್ಯಾಬಿನೆಟ್ಟಿನ ಒಳಗಿನ ಉದ್ದವನ್ನು ಟೇಪ್ ಹಿಡಿದು ಅಳೆಯಿರಿ. ಕಾರ್ಡಿಗೆ 16 ಪಿನ್ನಿನ ವಿದ್ಯುತ್ ಕನೆಕ್ಟರ್ ಇದ್ದರೆ ಅದನ್ನು ಕೊನೆಯವರೆಗೂ ಒತ್ತಿ ಕೂರಿಸಿ. ಅರೆಬರೆ ಕೂತದ್ದು ಕಾದು ಕರಗಬಹುದು.