ಧನುರ್ಮಾಸದ ಬೆಳಗಿಗೆ ಒಗ್ಗುವ ಹಾಡು

ಹೈದರಾಬಾದ್ ಹೊರವಲಯದ ಪಟಾನ್‌ಚೆರುವಿನ ಚಳಿಗಾಲದ ನಸುಕಿನಲ್ಲಿ ಹಾಡಲು ಕುಳಿತರೆ ದನಿ ತಾರಸ್ಥಾಯಿಗೆ, ಅಂದರೆ ಮೇಲಿನ ಸಪ್ತಕಕ್ಕೆ, ಏಕೆ ಏರುವುದಿಲ್ಲ? ಆಗ ಎಂಥ ಹಾಡುಗಳು ಹಿತ?

ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುವ ಪಟಾನ್‌ಚೆರುವಿನಲ್ಲಿ, ವಿಶೇಷವಾಗಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಹೊಲಗಳಂಥ ಬಯಲುಗಳಲ್ಲಿ, ನೆಲ ರಾತ್ರಿ ಬೇಗ ತಣಿಯುವುದರಿಂದ ನಸುಕಿನ ಚಳಿ ನಗರಮಧ್ಯಕ್ಕಿಂತ ತೀವ್ರವಾಗಿರುತ್ತದೆ. ತಣ್ಣನೆಯ ಗಾಳಿ ಹಿಡಿದಿಡಬಲ್ಲ ನೀರಾವಿ ಕಡಿಮೆ. ಹಾಡುವಾಗ ಬಾಯಿಯ ಮೂಲಕ ಒಳಬಂದ ಆ ಗಾಳಿ ದೇಹದ ಶಾಖಕ್ಕೆ ಬಿಸಿಯಾದೊಡನೆ ಗಂಟಲಿನ ತೇವವನ್ನೇ ಹೀರುತ್ತದೆ. ಆಗ ಧ್ವನಿತಂತುಗಳನ್ನು, ಅಂದರೆ ಸೆಕೆಂಡಿಗೆ ನೂರಾರು ಬಾರಿ ಕಂಪಿಸಿ ನಾದ ಹುಟ್ಟಿಸುವ ಎರಡು ಮಡಿಕೆಗಳನ್ನು, ಆವರಿಸಿದ ತೆಳುವಾದ ಲೋಳೆ ಮಂದವಾಗುತ್ತದೆ. ಎಣ್ಣೆ ಜಿಡ್ಡುಗಟ್ಟಿದ ಬಾಗಿಲ ತಿರುಗಣಿಯನ್ನು ಹೆಚ್ಚು ಬಲದಿಂದ ನೂಕಬೇಕಾಗುವಂತೆ, ತಂತುಗಳನ್ನು ಕಂಪಿಸಲು ಹೆಚ್ಚು ಉಸಿರಿನ ಒತ್ತಡ ಬೇಕಾಗುತ್ತದೆ. ತಂತುಗಳು ಬಿಗಿಯಾಗಿ ಚಾಚಿಕೊಳ್ಳಬೇಕಾದ ತಾರಸ್ಥಾಯಿಯಲ್ಲಿ ಈ ತೊಡಕು ಎದ್ದು ಕಾಣುತ್ತದೆ. ನಿದ್ರೆಯಿಂದ ಆಗಷ್ಟೇ ಎದ್ದವರ ಗಂಟಲಿನ ಸಣ್ಣ ಊತವೂ ಇದಕ್ಕೆ ಸೇರುತ್ತದೆ.

ಆದ್ದರಿಂದ ಸ್ವರವ್ಯಾಪ್ತಿ ಕಿರಿದಾದ, ವಿಳಂಬಗತಿಯ ಹಾಡುಗಳೇ ಹಿತ. ನವರೋಜು ರಾಗ ಮಂದ್ರ ಪಂಚಮದಿಂದ ಮಧ್ಯಸ್ಥಾಯಿಯ ಪಂಚಮದವರೆಗೆ ಮಾತ್ರ ಚಲಿಸುತ್ತದೆ. ಪುನ್ನಾಗವರಾಳಿ, ನಾದನಾಮಕ್ರಿಯೆ ರಾಗಗಳು ಮಧ್ಯಸ್ಥಾಯಿಯ ನಿಷಾದವನ್ನು ದಾಟುವುದಿಲ್ಲ. ಇಂಥವನ್ನು ಸಾಮಾನ್ಯವಾಗಿ ಮಧ್ಯಮಶ್ರುತಿಯಲ್ಲಿ, ಎಂದರೆ ಮಧ್ಯಮವನ್ನೇ ಷಡ್ಜವೆಂದು ಹಿಡಿದು, ಮೇಲಕ್ಕೆತ್ತಿ ಹಾಡುವುದು ರೂಢಿ. ಆದರೆ ದನಿ ತಾನಾಗಿಯೇ ತಗ್ಗಿರುವ ಚಳಿಯ ನಸುಕಿನಲ್ಲಿ ಆ ಎತ್ತರವೂ ಅನಗತ್ಯ. ಮೊದಲು ಬಾಯಿಮುಚ್ಚಿ ಗುನುಗಿದರೆ ಉಸಿರು ಮೂಗಿನಲ್ಲಿ ಬೆಚ್ಚಗಾಗಿ, ತೇವಗೊಂಡು ಒಳಹೋಗುತ್ತದೆ. ಬಿಸಿಲೇರಿದ ಮೇಲೆ ತಾರಷಡ್ಜಕ್ಕೆ ಏರುವ ಕೀರ್ತನೆಗಳನ್ನು ಎತ್ತಿಕೊಳ್ಳಬಹುದು.