ಗಣಕವು ಕನ್ನಡವನ್ನು ನೆನಪಿಡುವ ಬಗೆ

ದೊಡ್ಡಬಳ್ಳಾಪುರದ ವಿದ್ಯಾರ್ಥಿಯೊಬ್ಬನು ತನ್ನೂರಿನ ರೇಷ್ಮೆ ಮಗ್ಗಗಳನ್ನು ಕುರಿತ ಪ್ರಬಂಧವೊಂದನ್ನು ಗಣಕದಲ್ಲಿ ಬೆರಳಚ್ಚು ಮಾಡಿಟ್ಟನೆನ್ನೋಣ. ಕೆಲವು ವರ್ಷಗಳ ತರುವಾಯ ಬೇರೊಂದು ಗಣಕದಲ್ಲಿ ಅದನ್ನು ತೆರೆದಾಗ, ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಬಹುದು. ಪಟ್ಟ ಶ್ರಮವೆಲ್ಲವೂ ವ್ಯರ್ಥವಾದಂತೆಯೇ ಸರಿ! ಹೀಗಾಗಲು ಕಾರಣವೇನು?

ಗಣಕವು ಅಕ್ಷರಗಳನ್ನರಿಯದು, ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ರೋಮನ್ ಲಿಪಿಗೆ ಸಲ್ಲುವ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರು. ಆ ಫಾಂಟ್ ಇಲ್ಲದೆಡೆ ಈ ವೇಷವು ಕಳಚಿ ಬೀಳುತ್ತದೆ.

1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಪದ್ಧತಿಯು ಈ ತೊಡಕನ್ನು ಬಿಡಿಸಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ‘ಕ’ ಅಕ್ಷರಕ್ಕೆ 3221, ಗುಡಿಸಿಗೆ 3263. ಇವೆರಡೂ ಕೂಡಿದರೆ ‘ಕಿ’. ಯಾವ ದೇಶದ ಗಣಕದಲ್ಲಿಯೂ ಈ ಸಂಖ್ಯೆಗಳು ಬದಲಾಗವು. ಆದುದರಿಂದಲೇ ಇಂತಹ ಬರಹವನ್ನು ಅಂತರಜಾಲದಲ್ಲಿ ಹುಡುಕಿ ಪಡೆಯಲು ಸಾಧ್ಯ.

‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳಲ್ಲಿ ಇಂದು ಯೂನಿಕೋಡಿನಲ್ಲಿಯೂ ಬರೆಯಬಹುದು; ಹಳೆಯ ಕಡತಗಳನ್ನು ಅದಕ್ಕೆ ಮಾರ್ಪಡಿಸುವ ಸಾಧನಗಳೂ ಉಂಟು.

ನಾವು ಬರೆದುದು ಸುರಕ್ಷಿತವೇ ಎಂಬುದನ್ನರಿಯಲು ಸುಲಭವಾದ ಪರೀಕ್ಷೆಯೊಂದಿದೆ. ಬರಹದ ಫಾಂಟನ್ನು ಇಂಗ್ಲಿಷಿನದಕ್ಕೆ ಬದಲಿಸಿ ನೋಡೋಣ. ಆಗಲೂ ‘ಮಗ್ಗ’ವು ‘ಮಗ್ಗ’ವಾಗಿಯೇ ಉಳಿದರೆ, ನಮ್ಮ ಪ್ರಬಂಧವು ಮುಂದಿನವರ ಕೈಗೂ ದೊರೆಯುವುದೆಂದು ನಂಬಬಹುದು.