ನಿಮಗಿದು ಗೊತ್ತೆ? ಕಂಬದಿಂದ ಹೆಸರಾದ ಹಳ್ಳಿ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಬಳಿಯ ಪುಟ್ಟ ಊರು ಕಂಬದಹಳ್ಳಿ. ಊರಿಗೆ ಹೆಸರು ಕೊಟ್ಟದ್ದು ಇಲ್ಲಿನ ಎತ್ತರದ ಮಾನಸ್ತಂಭ. ಅದರ ತುದಿಯಲ್ಲಿ ಬ್ರಹ್ಮದೇವ ಪೂರ್ವಕ್ಕೆ ಮುಖಮಾಡಿ ಕುಳಿತಿದ್ದಾನೆ.

ಪಕ್ಕದಲ್ಲೇ ಗಂಗರ ಕಾಲದ ಪಂಚಕೂಟ ಬಸದಿ. ಐದು ಗರ್ಭಗುಡಿಗಳು ಒಂದೇ ಆವರಣದಲ್ಲಿವೆ. ಶಿಖರಗಳನ್ನು ಗಮನಿಸಿ: ಒಂದು ಚೌಕ, ಒಂದು ಎಂಟು ಮೂಲೆಯದು, ಇನ್ನೊಂದು ದುಂಡು. ದಕ್ಷಿಣದ ವಾಸ್ತುಶಿಲ್ಪದ ಮೂರೂ ಬಗೆಯನ್ನು ಹೀಗೆ ಒಂದೇ ಕಡೆ ನೋಡಸಿಗುವುದು ಅಪರೂಪ. ಒಳಗೆ ಕತ್ತೆತ್ತಿ ನೋಡಲು ಮರೆಯಬೇಡಿ. ಚಾವಣಿಯ ನಡುವೆ ಜಿನ, ಸುತ್ತಲೂ ವಾಹನವೇರಿದ ಅಷ್ಟದಿಕ್ಪಾಲಕರು. ಸಾವಿರ ವರ್ಷದ ಹಿಂದಿನ ಉಳಿಯ ನಯ ಇಂದಿಗೂ ಮಾಸಿಲ್ಲ.

ಶ್ರವಣಬೆಳಗೊಳ ಇಲ್ಲಿಗೆ ಹತ್ತಿರ. ಗೊಮ್ಮಟನನ್ನು ಕಂಡು ಹಾಗೇ ಮರಳುವವರು ಒಂದು ಗಂಟೆ ಈ ಹಳ್ಳಿಗೂ ಕೊಡಬೇಕು.